ಏಳದೆ ಹೋದ ಎಂಟು ದಿನ

ಗಂಟಲಿನ ಆಪರೇಷನ್ ಆದ ಮೇಲೆ ಹಳೇಬೀಡಿನ ನಮ್ಮಣ್ಣನಿಗೆ ಮಾತು ಹೋಯಿತು. ಬಸ್ ಕಂಡಕ್ಟರ್ ಆಗಿದ್ದವನು. ಸ್ಲೇಟಿನಲ್ಲಿ ಬರೆದರೆ ಅತ್ತಿಗೆಗೆ ಓದು ಬರುವುದಿಲ್ಲ. ಆಪರೇಷನ್ನಿಗೆ ಮುಂಚೆಯೇ ಅವನ ದನಿಯಲ್ಲಿ ಮನೆಯಲ್ಲಿ ದಿನಾ ಆಡುವ ಮಾತುಗಳನ್ನೆಲ್ಲ ರೆಕಾರ್ಡ್ ಮಾಡಿಟ್ಟಿದ್ದೆ. ನಡುಗುವ ಬೆರಳಿಗೆ ಫೋನು ಆಗಿಬರಲಿಲ್ಲ. ಹಳೆಯ ಕಂಪ್ಯೂಟರೊಂದಕ್ಕೆ ತುಂಬಿ, ಕೀ ಒತ್ತಿದರೆ ಅವನೇ ಮಾತಾಡಿದಂತೆ ಕೇಳುವ ಹಾಗೆ ಮಾಡಿಕೊಟ್ಟೆ.

"ಗಂಟಲು ಕೊಯ್ಸ್ಕಂಡ್ರೂ ಕಾಫಿ ಕಾಫಿ ಅನ್ನದು ಬಿಡಲ್ಲ ಕಣೇ ನಿಮ್ಮಣ್ಣ!" ಎಂದು ಅತ್ತಿಗೆ ಅಡುಗೆಮನೆಯಿಂದಲೇ ಬೈಯುವರು. ಅವನು ಮತ್ತೆ ಅದೇ ಕೀ ಒತ್ತುವನು.

ಆನ್ ಆಗುವುದು ನಿಧಾನ ಎಂದು ಒಮ್ಮೆ ಸ್ಲೇಟಿನಲ್ಲಿ ದೂರಿದ. ಯಂತ್ರದಲ್ಲಿ ಮೊದಲು ಎದ್ದು ಉಳಿದದ್ದನ್ನೆಲ್ಲ ಎಬ್ಬಿಸುವ ಕರ್ನಲ್ ಎಂಬ ತಂತ್ರಾಂಶವನ್ನು ತಿದ್ದುವುದೇ ನನ್ನ ಕಸುಬು. ಬೇಡದ್ದನ್ನು ತೆಗೆದು ಹಗುರ ಮಾಡಿ ಬಂದೆ. ಮೂರನೆಯ ದಿನ ಅದು ಏಳಲಿಲ್ಲ. ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಅರಸೀಕೆರೆಗೆ, ನನ್ನ ಮನೆಗೆ ತಂದೆ.

ಪರದೆ ಬೆಳಗುವ ಮೊದಲೇ ಕುಸಿಯುತ್ತಿತ್ತು. ಹಾಗಾಗಿ ಹಂತಕ್ಕೊಂದು ಅಕ್ಷರವನ್ನು ಕೇಬಲ್ಲಿನಲ್ಲಿ ನನ್ನ ಕಂಪ್ಯೂಟರಿಗೆ ಕಳಿಸುವಂತೆ ಮಾಡಿದೆ. ಅಕ್ಷರ ಎಲ್ಲಿ ನಿಲ್ಲುತ್ತದೋ ತಪ್ಪು ಅಲ್ಲಿ. ಒಮ್ಮೆ ಐದನೆಯದಕ್ಕೆ ನಿಂತಿತು, ಒಮ್ಮೆ ಹನ್ನೊಂದನೆಯದಕ್ಕೆ. ಹೀಗೆ ಜಾಗ ಬದಲಾದರೆ ತಪ್ಪು ಕರ್ನಲ್ಲಿನದಲ್ಲ, ಮೊದಲು ಮೆಮೊರಿ ಪಟ್ಟಿ ತೆಗೆದು ನೋಡಿ ಎಂದು ಬೇರೆಯವರಿಗೆ ನಾನೇ ಹೇಳಿಕೊಟ್ಟಿದ್ದೇನೆ. ಆದರೆ ಹಳೆಯ ಕರ್ನಲ್ ಹಾಕಿದಾಗ ಒಂದೇ ಒಂದು ಸಲ ಎದ್ದಿತ್ತು. ಆ ಒಂದು ಸಲವನ್ನು ನಂಬಿ, ನನ್ನ ಬದಲಾವಣೆಯನ್ನೇ ಸಾಲು ಸಾಲಾಗಿ ಹುಡುಕುತ್ತಾ ಕೂತೆ.

"ಯಾವತ್ ತತ್ತೀಯೆ? ಇಬ್ರೂ ಮೂಗ್ರಂಗೆ ಕುಂತಿದೀವಿ," ಎಂದು ಅತ್ತಿಗೆ ಫೋನ್ ಮಾಡುವರು.

"ನಾಳೆ ಅತ್ತಿಗೆ, ಖಂಡಿತ ನಾಳೆ."

ಎಂಟನೆಯ ದಿನ ಬೆಳಿಗ್ಗೆ ತಿಂಡಿ ಹೊತ್ತಿಗೆ ಅಣ್ಣ ಎದೆ ಹಿಡಿದುಕೊಂಡು ಸ್ಲೇಟಿನಲ್ಲಿ ಏನೋ ಬರೆದು ತೋರಿಸಿದನಂತೆ. ಅತ್ತಿಗೆ ಸ್ಲೇಟು ಹಿಡಿದು, ಓದಿಸಿಕೊಂಡು ಬರಲು ಪಕ್ಕದ ಮನೆಗೆ ಓಡಿದರು. ಪಕ್ಕದವರು ಓದಿ ಹೇಳಿದರು, ಸ್ಲೇಟಿನಲ್ಲಿ ಇದ್ದದ್ದು: "ಇಲ್ಲೇ ಕೂತಿರು." ಅವರು ವಾಪಸ್ ಬರುವಷ್ಟರಲ್ಲಿ ಅಣ್ಣ ಹೋಗಿಬಿಟ್ಟಿದ್ದ.

ಕಾರ್ಯವೆಲ್ಲ ಮುಗಿಸಿ ಬಂದು ಮೆಮೊರಿ ಪಟ್ಟಿ ಕಿತ್ತು ನೋಡಿದೆ. ಅದು ಕೂರುವ ಸಂದಿನಲ್ಲಿ ಬೆಳ್ಳಗೆ ವಿಭೂತಿ ಗಟ್ಟಿಕಟ್ಟಿತ್ತು. ನಾನು ಕರ್ನಲ್ ಹಾಕಿ ಬಂದ ಮಾರನೆಯ ದಿನವೇ ಆಯುಧಪೂಜೆ; ಧೂಳು ಒರೆಸಲು ತೆಗೆದ ಪಕ್ಕದ ಮುಚ್ಚಳಕ್ಕೆ ಸ್ಕ್ರೂ ಹಾಕದೆ ಬಂದಿದ್ದೆ. ಹೊರಗಿನ ತಗಡಿಗೆ ಹಚ್ಚಿದರೆ ಅತ್ತಿಗೆಗೆ ಸಮಾಧಾನವಾದೀತೇ? ಗಂಡನ ಮಾತು ಇದ್ದದ್ದು ಒಳಗೆ. ಒದ್ದೆ ಬೆರಳಿನಿಂದ ಒಳಗೇ ಮೂರೆಳೆ ಎಳೆದಿದ್ದರು. ಬ್ರಷ್ಷಿನಿಂದ ತೆಗೆದು ಒರೆಸಿ ಕೂರಿಸಿದೆ. ನನ್ನ ಕರ್ನಲ್ಲೇ, ಒಂದಕ್ಷರವೂ ನಿಲ್ಲದೆ ಎದ್ದಿತು. ಐದು ನಿಮಿಷದ ಕೆಲಸ.

ಹಳೇಬೀಡಿಗೆ ಒಯ್ದು ಅದೇ ಮೇಜಿನ ಮೇಲಿಟ್ಟೆ.

"ಏನಾಗಿತ್ತೇ ಇದ್ಕೆ?"

"ನಾನು ಮಾಡಿದ್ದರಲ್ಲೇ ತಪ್ಪಿತ್ತು ಅತ್ತಿಗೆ."

"ಹೋಗ್ಲಿ ಬಿಡು. ಬೇಕೂ ಅಂತ ಮಾಡಿಲ್ವಲ್ಲ," ಎಂದರು. ಆಮೇಲೆ, "ನಿಮ್ಮಣ್ಣ ನನ್ನ ಕರಿಯದು ಯಾವ್ದು ಐತೆ ಇದ್ರಾಗೆ?"

ತೋರಿಸಿದೆ. ಬೆರಳನ್ನು ಆ ಕೀ ಮೇಲೆ ಇಟ್ಟರು, ಒತ್ತಲಿಲ್ಲ.

"ನೀನ್ ಹೊರಡು ಕಣೇ," ಎಂದರು. "ಬಸ್ ಹೋಗ್ಬಿಡ್ತದೆ."