ಹಿಟ್ನಾಳದ ಮುದುಕಮ್ಮನ ಅನುಮಾನ

ಮುದುಕಮ್ಮನಿಗೆ ಸೊಸೆಯ ಮೇಲೆ ಅನುಮಾನ ಹುಟ್ಟಿದ್ದು ಹಿರಿಮಗ ದೊಡ್ಡಬಸಪ್ಪ ಸತ್ತ ದಿನವೇ. ಸಾವಿರದ ಒಂಬೈನೂರ ನಲವತ್ಮೂರರ ಸುಗ್ಗಿ. ನಲವತ್ತು ತುಂಬದ ಗಟ್ಟಿ ಆಳು, ಹೆಂಡತಿ ಪಂಪಾವತಿ ಬಡಿಸಿದ ರೊಟ್ಟಿ ಉಂಡು ಜೋಳದ ಚೀಲ ಎತ್ತಲು ಹೋದವನು ಎದೆ ಹಿಡಿದುಕೊಂಡು ಕುಸಿದ. ನೀರು ತರುವಷ್ಟರಲ್ಲಿ ಜೀವ ಹೋಗಿತ್ತು.

ಜ್ವರವಿರಲಿಲ್ಲ, ಹಾವು ಕಚ್ಚಿದ ಗುರುತೂ ಇರಲಿಲ್ಲ. ಹಾಗಾದರೆ ಊಟದಲ್ಲಿ ಮದ್ದು ಹಾಕಿದ್ದಾಳೆ ಎಂದುಕೊಂಡಳು ಮುದುಕಮ್ಮ. ಯಾಕೆ ಹಾಕಿಯಾಳು ಎಂಬುದಕ್ಕೆ ಉತ್ತರವಿರಲಿಲ್ಲ. ಸೊಸೆ ಮಾತು ಕಡಿಮೆಯವಳು, ಅಷ್ಟೇ ಸಾಕಾಯಿತು. ಬಾವಿಕಟ್ಟೆಯಲ್ಲಿ ಒಬ್ಬಿಬ್ಬರ ಕಿವಿಗೆ ಹಾಕಿದಳು. ಉಳಿದದ್ದನ್ನು ಊರೇ ಸೇರಿಸಿಕೊಂಡಿತು.

ಇನ್ನುಳಿದವನು ಕಿರಿಮಗ ಹಂಪಣ್ಣ. ಅವನಿಗಾಗಿ ಮುದುಕಮ್ಮ ಬೇರೆ ಒಲೆ ಹೂಡಿದಳು. ಮದ್ದು ಮೈಗೆ ಹತ್ತಬಾರದೆಂದರೆ ಬೆಣ್ಣೆ ತುಪ್ಪ ತಿನ್ನಿಸಬೇಕೆಂದು ಯಾರೋ ಹೇಳಿದ್ದರು. ತಾನೇ ಕಡೆದ ಬೆಣ್ಣೆಯನ್ನು ರೊಟ್ಟಿಯ ಮೇಲೆ ಮುದ್ದೆಗಟ್ಟಿ ಇಟ್ಟು, ಅವನು ಉಂಡು ಏಳುವವರೆಗೂ ಎದುರಿಗೇ ಕೂತಿರುತ್ತಿದ್ದಳು. ಪಂಪಾವತಿ ಮಜ್ಜಿಗೆ ಕೊಟ್ಟರೆ ದನದ ಬಾನಿಗೆ ಸುರಿಯುತ್ತಿದ್ದಳು.

ಎರಡು ವರ್ಷ ಕಳೆಯುವುದರಲ್ಲಿ ಹಂಪಣ್ಣನಿಗೂ ಎದೆ ಹಿಡಿಯತೊಡಗಿತು. ಹೊಲದಲ್ಲಿ ಎತ್ತು ಕಟ್ಟಿ ಗಳೆ ಹೊಡೆಯುತ್ತ ನಡುನಡುವೆ ನಿಂತುಬಿಡುತ್ತಿದ್ದ. ಇಷ್ಟು ಕಾದರೂ ಮದ್ದು ಎಲ್ಲಿಂದ ಹೊಕ್ಕಿತೆಂದು ಮುದುಕಮ್ಮ ಮಡಿಕೆ ಮಡಿಕೆ ಮೂಸಿ ನೋಡಿದಳು. ಕೊಪ್ಪಳದ ದವಾಖಾನೆಗೆ ಕರೆದೊಯ್ಯಬೇಕೆಂದು ಪಂಪಾವತಿಯೇ ಹೇಳಿದಾಗ ಅನುಮಾನ ಇನ್ನೂ ಗಟ್ಟಿಯಾಯಿತು. ಡಾಕ್ಟರನ್ನೂ ಬುಟ್ಟಿಗೆ ಹಾಕಿಕೊಂಡಿರಬಹುದು. ಮಗನ ಜೊತೆ ತಾನೂ ಗಾಡಿ ಹತ್ತಿದಳು.

ಹೈದರಾಬಾದಿನಲ್ಲಿ ಕಲಿತು ಬಂದ ಡಾಕ್ಟರು ಹಂಪಣ್ಣನ ಎದೆ ನೋಡಿದರು. ಹಿಮ್ಮಡಿಯ ಹಿಂದಿನ ನರ ಒತ್ತಿದರು. ಅಲ್ಲಿ ಗಂಟು ಕಟ್ಟಿತ್ತು. ಕಣ್ಣಿನ ರೆಪ್ಪೆಯ ಮೇಲೆ ಹಳದಿ ಕಲೆ. ಅಣ್ಣನಿಗೂ ಹೀಗೇ ಇತ್ತೆಂದ ಹಂಪಣ್ಣ. ಡಾಕ್ಟರು ತಿರುಗಿ ಮುದುಕಮ್ಮನ ಮುಖವನ್ನೇ ದಿಟ್ಟಿಸಿದರು. ಅವಳ ರೆಪ್ಪೆಗಳಲ್ಲೂ ಅದೇ ಹಳದಿ. ತವರಿನಲ್ಲಿ ಯಾರಾದರೂ ತಟ್ಟನೆ ಸತ್ತಿದ್ದುಂಟೇ ಎಂದು ಕೇಳಿದರು.

"ಅದನ್ಯಾಕ ಕೇಳ್ತೀರಿ?" ಎಂದಳು ಮುದುಕಮ್ಮ.

ಹಂಪಣ್ಣನೇ ಹೇಳಿದ. ಯಲಬುರ್ಗಾದಲ್ಲಿ ಅವನ ಅಜ್ಜ, ಸೋದರಮಾವ, ಇಬ್ಬರೂ ಹೊಲದಲ್ಲಿ ಎದೆ ಹಿಡಿದುಕೊಂಡು ಬಿದ್ದವರು.

"ನೋಡ್ರಿ ಅವ್ವಾ, ಕೊಲೆಸ್ಟರಾಲ್ ಅಂತ ಒಂದು ಜಿಡ್ಡು ಐತಿ. ಎಲ್ಲಾರ ಮೈಯಾಗೂ ಇರ್ತೈತಿ, ಮೈ ತಾನ ಮಾಡ್ಕೊಂತೈತಿ, ಅದಿಲ್ಲಂದ್ರ ನಡಿಯಂಗಿಲ್ಲ. ಕೆಲವು ಮನಿತನದಾಗ ಹುಟ್ಟಿನಿಂದಾನ ಅದು ರಗತದಾಗ ಹೆಚ್ಚಾಗಿ, ಹಿಂಗ ರೆಪ್ಪಿ ಮ್ಯಾಲ, ಹಿಮ್ಮಡ್ಯಾಗ, ಗುಂಡಿಗಿ ನಾಳದಾಗೂ ಕಟ್ಕೊಂತೈತಿ" ಎಂದರು ಡಾಕ್ಟರು. ಇತ್ತೀಚಿನ ಪುಸ್ತಕಗಳು ಹಾಗೆ ಹೇಳುತ್ತವೆ, ಇದಕ್ಕೆ ಔಷಧಿ ಮಾತ್ರ ಇನ್ನೂ ಇಲ್ಲ, ಬೆಣ್ಣೆ ತುಪ್ಪ ಬಿಟ್ಟು ಭಾರ ಎತ್ತದೆ ಇದ್ದರೆ ಒಂದಿಷ್ಟು ತಡೆದೀತು ಎಂದೂ ತಿಳಿಸಿದರು.

"ಹಂಗಾರ ಇದು ನನ್ನ ಕಡಿಂದ ಬಂತೇನ್ರಿ?"

"ಬಂದೈತಿ. ಆದ್ರ ನೀವು ಬೇಕಂತ ಕೊಟ್ಟದ್ದಲ್ಲ."

ಮುದುಕಮ್ಮ ನಂಬಲಿಲ್ಲ. ಸೊಸೆ ಮೊದಲೇ ಬಂದು ಹೇಳಿಕೊಟ್ಟಿದ್ದಾಳೆಂದು ಗಾಡಿಯಲ್ಲಿ ದಾರಿಯುದ್ದಕ್ಕೂ ಲೆಕ್ಕ ಹಾಕಿದಳು. ಆದರೆ ರೆಪ್ಪೆಯ ಕಲೆಯನ್ನು ಯಾರು ಹೇಳಿಕೊಟ್ಟಾರು? ಸಣ್ಣವಳಿದ್ದಾಗ ಅಪ್ಪನ ಕಣ್ಣಿಗೆ ಅರಿಷಿಣ ಹತ್ತಿದೆಯೆಂದು ತಾನೇ ಒರೆಸಲು ಹೋಗಿದ್ದು ನೆನಪಾಯಿತು. ತನ್ನ ಅಣ್ಣ ಸತ್ತಾಗ ಅತ್ತಿಗೆಯೇ ಮದ್ದು ಹಾಕಿದಳೆಂಬ ಮಾತು ಬಂದು, ಆಕೆ ಊರು ಬಿಟ್ಟಿದ್ದೂ ನೆನಪಾಯಿತು. ಮಗನಿಗೆ ತಾನು ಮುದ್ದೆಗಟ್ಟಿ ತಿನ್ನಿಸಿದ ಬೆಣ್ಣೆಯೂ ನೆನಪಾಯಿತು.

ಮರುದಿನ ಅವಳ ಒಲೆ ಹೊತ್ತಲಿಲ್ಲ. ಪಂಪಾವತಿ ಮಾಡಿದ ರೊಟ್ಟಿಯನ್ನು ಮೊದಲು ತಾನು ಮುರಿದು ತಿಂದು, ತುಸು ಹೊತ್ತು ಕಾದು, ಆಮೇಲೆ ಮಗನ ಮುಂದೆ ಇಟ್ಟಳು. ಆ ಚಾಳಿ ಬಿಡಲು ಒಂದು ಮಳೆಗಾಲವೇ ಹಿಡಿಯಿತು. ಹಂಪಣ್ಣ ಗಳೆ ಬಿಟ್ಟು ಬೆಳೆ ಕಾಯುವ ಕೆಲಸ ಹಿಡಿದ. ನೋವು ಪೂರ್ತಿ ಹೋಗಲಿಲ್ಲ, ಆದರೆ ನಿಜಾಮರ ಆಳ್ವಿಕೆ ಮುಗಿದ ವರ್ಷವೂ ಅವನು ಬದುಕಿದ್ದ.

ಆ ವರ್ಷ ಬಾವಿಕಟ್ಟೆಯಲ್ಲಿ ಓಣಿಯ ದುರುಗವ್ವ ಹಳೆಯ ಮಾತು ಎತ್ತಿದಳು.

"ಮದ್ದು ಯಾರೂ ಹಾಕಿಲ್ಲ ಬಿಡವ್ವ. ಅದು ನನ್ನ ತವರಿನ ರಗತದಾಗ ಇದ್ದದ್ದು. ಸುಳ್ಳು ಹೇಳಿದಾಕಿ ನಾನು" ಎಂದಳು ಮುದುಕಮ್ಮ.

ದುರುಗವ್ವ ಅವಳನ್ನೇ ನೋಡಿದಳು. ಆಮೇಲೆ ಪಕ್ಕದವಳ ಕಡೆ ಬಾಗಿ, ಸೊಸೆ ಈಗ ಅತ್ತೆಗೂ ಏನೋ ಹಾಕಿ ಬಾಯಿ ಕಟ್ಟಿದ್ದಾಳೆ ಎಂದು ಪಿಸುಗುಟ್ಟಿದಳು. ಅಲ್ಲೇ ನೀರು ಸೇದುತ್ತಿದ್ದ ಪಂಪಾವತಿಗೆ ಎರಡೂ ಮಾತು ಕೇಳಿಸಿದವು. ಅವಳು ಕೊಡ ತುಂಬಿಕೊಂಡು ಮನೆಯ ಕಡೆ ನಡೆದಳು.