ಕಂಬಕ್ಕೇರಿದ ಕಪ್ಪು ಬುಟ್ಟಿ

ವೆಸ್ಟೆರಾಸಿನಲ್ಲಿ ನಾವಿರುವ ಅಪಾರ್ಟ್‌ಮೆಂಟಿನ ಅಂಗಳದಲ್ಲಿ ಒಂದು ಬಾವುಟದ ಕಂಬವಿದೆ. ಅದರ ಹಗ್ಗದ ಪೆಟ್ಟಿಗೆಯ ಬೀಗದ ಕೈ ನನ್ನ ಹತ್ತಿರ ಇರುತ್ತದೆ. ಇದೇನು ಗೌರವವಲ್ಲ. ನಿವಾಸಿಗಳ ಸಂಘದ ಸಭೆಗೆ ಒಮ್ಮೆ ತಡವಾಗಿ ಹೋದೆ. ಅಷ್ಟರಲ್ಲಿ ಹಗುರ ಕೆಲಸಗಳನ್ನೆಲ್ಲ ಉಳಿದವರು ಹಂಚಿಕೊಂಡು, ಯಾರಿಗೂ ಬೇಡದ್ದನ್ನು ನನ್ನ ತಲೆಗೆ ಕಟ್ಟಿದ್ದರು. ರಾಜನ ಹುಟ್ಟುಹಬ್ಬ, ರಾಣಿಯ ಹೆಸರಿನ ದಿನ, ಯಾವ ಕಾಲದಲ್ಲೋ ಯುದ್ಧದಲ್ಲಿ ಸತ್ತ ದೊರೆಯ ದಿನ, ಹೀಗೆ ಈ ದೇಶದಲ್ಲಿ ಬಾವುಟ ಏರಿಸಲು ಕಾರಣಗಳಿಗೆ ಬರವಿಲ್ಲ. ಕಟ್ಟಡದಲ್ಲಿ ಯಾರಾದರೂ ತೀರಿಕೊಂಡರೆ ಅರ್ಧ ಕಂಬಕ್ಕೆ ಏರಿಸಬೇಕು. ಹನುಮಂತನಗರದಲ್ಲಿ ಹುಟ್ಟಿ ಬೆಳೆದ ಕಾಂಚನಾ ಎಂಬ ನಾನು ಸ್ವೀಡನ್ನಿನ ಚಳಿಯಲ್ಲಿ ಹಗ್ಗ ಎಳೆಯುವವಳಾದದ್ದು ಹೀಗೆ.

ಆ ಬೀಗದ ಕೈಯನ್ನು ತಾವಾಗಿ ಬಂದು ಕೇಳಿದವರು ಒಬ್ಬರೇ, ಮೂರನೇ ಮಹಡಿಯ ಶೋಭನಕ್ಕ.

ಶೋಭನಕ್ಕನಿಗೆ ಅರವತ್ತರ ಹತ್ತಿರ. ಹತ್ತಿರದ ಡಾಗಿಸ್‌ನಲ್ಲಿ, ಅಂದರೆ ಪುಟ್ಟ ಮಕ್ಕಳನ್ನು ಬಿಟ್ಟುಹೋಗುವ ಶಾಲೆಯಲ್ಲಿ, ಅಡುಗೆ ಕೆಲಸ. ಬೆಳಿಗ್ಗೆ ಮಕ್ಕಳನ್ನು ಬಿಡಲು ಬರುವ ಅಪ್ಪ ಅಮ್ಮಂದಿರಿಗೆಲ್ಲ ಅವರು ಹವಾಮಾನ ಹೇಳುತ್ತಾರೆ. ಮಧ್ಯಾಹ್ನ ಮಳೆ ಇದೆ, ಮಳೆ ಪ್ಯಾಂಟು ಇಟ್ಟುಹೋಗಿ. ಸಂಜೆ ನೆಲ ಜಾರುತ್ತದೆ, ಸೈಕಲ್ ಬೇಡ. ಸ್ವೀಡಿಶ್ ಜನ ನಯವಾಗಿ ತಲೆದೂಗಿ, ಹೊರಗೆ ಹೋಗಿ ತಮ್ಮ ಫೋನು ನೋಡಿಕೊಳ್ಳುತ್ತಾರೆ. ನನಗೆ ಇದನ್ನು ಕಂಡರೆ ಮೈ ಉರಿಯುತ್ತಿತ್ತು. ಎಲ್ಲರ ಕೈಯಲ್ಲೂ ಫೋನಿದೆ, ನೀವ್ಯಾಕೆ ಗಂಟಲು ಹರಿದುಕೊಳ್ಳುತ್ತೀರಿ ಎಂದು ಒಮ್ಮೆ ಗದರಿಯೇ ಬಿಟ್ಟೆ. ಫೋನಿನಲ್ಲಿ ಬರುವುದು ಬೇರೆ, ಒಬ್ಬರು ಒಬ್ಬರಿಗೆ ಹೇಳುವುದು ಬೇರೆ ಎಂದರು. ಆಮೇಲೆ ಕಾಫಿ ಕಾಸಿ, ತಮ್ಮ ಅಪ್ಪನ ಕತೆ ಹೇಳಿದರು.

ಕುಂದಾಪುರದ ಆಚೆ, ಹೊಳೆ ಕಡಲು ಸೇರುವಲ್ಲಿ ಒಂದು ಸಣ್ಣ ಬಂದರು. ಅಲ್ಲಿಯ ಧ್ವಜಸ್ತಂಭ ನೋಡಿಕೊಳ್ಳುವುದು ಅವರ ಅಜ್ಜನ ಕೆಲಸ, ಅಜ್ಜನ ನಂತರ ಅಪ್ಪನದು. ವ್ಯವಸ್ಥೆ ಬ್ರಿಟಿಷರು ಮಾಡಿಟ್ಟದ್ದು. ದಿನ ಬೆಳಗಾದರೆ ಕರಾವಳಿಯ ಉದ್ದಕ್ಕೂ ಊರೂರಿನಿಂದ ಗಾಳಿ ಎಷ್ಟು, ಮಳೆ ಎಷ್ಟು, ಪಾದರಸ ಎಲ್ಲಿ ನಿಂತಿದೆ ಎಂಬ ತಂತಿಗಳು ಬೊಂಬಾಯಿಯ ವೀಕ್ಷಣಾಲಯಕ್ಕೆ ಹೋಗುತ್ತಿದ್ದವು. ಅಲ್ಲಿ ಕೂತವರು ಎಲ್ಲವನ್ನೂ ಒಂದು ನಕಾಶೆಯ ಮೇಲೆ ಗುರುತು ಹಾಕಿ, ಬಿರುಗಾಳಿ ಎಲ್ಲಿ ಹುಟ್ಟಿದೆ, ಎತ್ತ ನಡೆದಿದೆ ಎಂದು ಊಹಿಸಿ, ಅಪಾಯವಿದ್ದ ಬಂದರುಗಳಿಗೆ ತಂತಿ ಕಳಿಸುತ್ತಿದ್ದರು. ಊರವರಿಗಾಗಿ ಅದನ್ನು ಸುಂಕದ ಕಟ್ಟೆಯ ಹಲಗೆಗೆ ಅಂಟಿಸಿ ಗಟ್ಟಿಯಾಗಿ ಓದಿ ಹೇಳಬೇಕು. ಹಡಗು, ದೋಣಿಗಳಿಗಾಗಿ ಕಂಬಕ್ಕೆ ಬುಟ್ಟಿ ಏರಿಸಬೇಕು. ಬಿದಿರಿನ ಚೌಕಟ್ಟಿಗೆ ಕಪ್ಪು ಕ್ಯಾನ್ವಾಸು ಹೊದಿಸಿದ ದೊಡ್ಡ ಬುಟ್ಟಿಗಳು, ಒಂದು ಚೂಪು, ಒಂದು ದುಂಡು. ಯಾವುದನ್ನು ಹೇಗೆ ಕಟ್ಟಿದ್ದಾರೆ ಎನ್ನುವುದರಲ್ಲೇ ಗಾಳಿಯ ಸುದ್ದಿ ಇರುತ್ತಿತ್ತು. ರಾತ್ರಿಯಾದರೆ ಕೆಂಪು ಬಿಳಿ ಲಾಂದ್ರ. ಬ್ರಿಟಿಷರು ಹೋದರು, ಬುಟ್ಟಿಗಳು ಉಳಿದವು.

ಇಷ್ಟನ್ನು ಯಾವ ಪುಸ್ತಕದಲ್ಲಾದರೂ ಓದಬಹುದು. ಆ ಬಂದರಿನವರಿಗೇ ಗೊತ್ತಿದ್ದ ಪದ್ಧತಿ ಇನ್ನೊಂದಿತ್ತು. ಬುಟ್ಟಿ ಏರಿದ್ದು ಕಣ್ಣಿಗೆ ಬಿದ್ದ ಕೂಡಲೇ ಕಡಲಿನಲ್ಲಿದ್ದ ದೋಣಿಯವರು ಹೆಗಲ ಮೇಲಿನ ಬೈರಾಸನ್ನು, ಅಂದರೆ ಆ ಸೀಮೆಯ ಕೆಂಪು ಟವೆಲನ್ನು, ಹುಟ್ಟಿನ ತುದಿಗೆ ಕಟ್ಟಿ ಎತ್ತಿ ಹಿಡಿಯುತ್ತಿದ್ದರು. ಕಂಡಿದ್ದೇವೆ, ತಿರುಗಿ ಬರುತ್ತಿದ್ದೇವೆ ಎಂದು ಅರ್ಥ. ಹೊರಗೆ ಹೋದ ಪ್ರತಿ ದೋಣಿಯ ಬೈರಾಸು ಕಾಣುವವರೆಗೆ ಶೋಭನಕ್ಕನ ಅಪ್ಪ ಕಂಬದ ಬುಡದಿಂದ ಕದಲುತ್ತಿರಲಿಲ್ಲ, ಬಾಯಿಗೆ ತುತ್ತೂ ಇಡುತ್ತಿರಲಿಲ್ಲ. ಹೆಂಡತಿ ಉಂಬುಕೆ ಬನ್ನಿ ಎಂದು ಕರೆದು ಕರೆದು ಸೋತು ಅನ್ನಕ್ಕೆ ತಟ್ಟೆ ಮುಚ್ಚಿಡುವರು. ಕೊನೆಗೊಮ್ಮೆ ಅವರು ಒಳಗೆ ಬಂದು ಕಾಲು ತೊಳೆದು, ಪ್ರತಿ ಸಲ ಒಂದೇ ಮಾತು ಹೇಳುವರು: "ಬೈರಾಸ್ ಕಂಡ್ತ್. ಇನ್ ಉಂಬ."

ಬೈರಾಸು ಕಂಡಿತು, ಇನ್ನು ಉಣ್ಣೋಣ ಎಂಬ ಈ ಮಾತು ಹೇಳುವಾಗ ಮಾತ್ರ ಶೋಭನಕ್ಕನ ಬಾಯಲ್ಲಿ ಊರಿನ ಕನ್ನಡ ಬಂತು. ಉಳಿದಂತೆ ನಮ್ಮ ಕನ್ನಡ ಕೂಟದಲ್ಲಿ ಅವರದು ಬೆಂಗಳೂರಿನವರ ಹಾಗೆ ಇಸ್ತ್ರಿ ಹಾಕಿದ ಮಾತು. ದಾವಣಗೆರೆಯ ಗಂಡ, ಬೆಂಗಳೂರಿನ ಗೆಳತಿಯರು, ಇಲ್ಲಿಯೇ ಹುಟ್ಟಿದ ಮಗ. ಯಾರ ಹತ್ತಿರ ಆಡಬೇಕಿತ್ತು ಪಾಪ.

ಗಂಡ ರಾಜಶೇಖರ ಇಲ್ಲಿ ವಿದ್ಯುತ್ ಎಂಜಿನಿಯರಾಗಿದ್ದರು. ಮಗ ಸ್ಕಂದ ಓದಲು ಉತ್ತರಕ್ಕೆ, ಉಮೆಯೊಗೆ ಹೋಗಿದ್ದ. ಅವನ ಕೊನೆಯ ವರ್ಷದ ಪರೀಕ್ಷೆ ನಡೆಯುತ್ತಿದ್ದಾಗ ರಾಜಶೇಖರರಿಗೆ ಹೃದಯಾಘಾತವಾಯಿತು. ಆಸ್ಪತ್ರೆಗೆ ಸೇರಿಸಿದರು. ಸ್ಕಂದ ಫೋನು ಮಾಡಿದಾಗ ಶೋಭನಕ್ಕ ಏನು ಹೇಳಿದರು? ನಮ್ಮ ಕಡೆಯ ಯಾವ ತಾಯಿಯಾದರೂ ಹೇಳುವುದನ್ನೇ. ಅಪ್ಪನಿಗೆ ಸ್ವಲ್ಪ ಸುಸ್ತು, ಮಲಗಿದ್ದಾರೆ, ನೀನು ಪರೀಕ್ಷೆ ಚೆನ್ನಾಗಿ ಬರಿ. ಹುಡುಗನ ಓದು ಕೆಡಬಾರದು ಎಂದು ನಾವೆಲ್ಲ ತಲೆಯಾಡಿಸಿದೆವು. ಸ್ವೀಡಿಶ್ ನರ್ಸ್ ಮಾತ್ರ ಮಗನಿಗೆ ತಿಳಿಸಿದಿರಾ ಎಂದು ಮತ್ತೆ ಮತ್ತೆ ಕೇಳಿದಳು. ಇವಳಿಗೇನು ಗೊತ್ತು ನಮ್ಮ ಮನೆಯ ಕಷ್ಟ ಎಂದುಕೊಂಡೆವು. ಪರೀಕ್ಷೆ ಮುಗಿಸಿ ರೈಲು ಹತ್ತಿ ಬಂದ ಸ್ಕಂದನಿಗೆ ಸಿಕ್ಕಿದ್ದು ಅಪ್ಪನ ತಣ್ಣಗಿನ ಕೈ.

ಅವನು ಕೂಗಾಡಲಿಲ್ಲ. ಎಲ್ಲ ಕಾರ್ಯ ಮುಗಿದ ಮೇಲೆ, ಹೊರಡುವಾಗ, ಬಾಗಿಲಲ್ಲಿ ಶೂ ಹಾಕಿಕೊಳ್ಳುತ್ತ ತಲೆ ಎತ್ತದೆ ಹೇಳಿದ. ನಾನು ಅಲ್ಲೇ ನಿಂತಿದ್ದೆ.

"ಎಲ್ಲರ ದೋಣಿಗೂ ಬುಟ್ಟಿ ಏರಿಸ್ತಿದ್ರು ಅಂತ ಚಿಕ್ಕೋನಿದ್ದಾಗ ಕತೆ ಹೇಳ್ತಿದ್ದೆ. ನನ್ನ ದೋಣಿಗೆ ಯಾಕಮ್ಮ ಏರಿಸ್ಲಿಲ್ಲ?"

ಶೂ ದಾರ ಬಿಗಿದು ಎದ್ದು ಹೊರಟುಹೋದ.

ಅದಾಗಿ ಎರಡು ವರ್ಷ. ಸ್ಕಂದ ಉಮೆಯೊದಲ್ಲಿಯೇ ಕಡಲಿನ ಜೀವಿಗಳ ಬಗ್ಗೆ ಸಂಶೋಧನೆಗೆ ಸೇರಿದ. ಸಂಶೋಧನೆಯ ದೋಣಿಯಲ್ಲಿ ಆಗಾಗ ಕಡಲಿಗೆ ಹೋಗಿ ನೀರು, ಕೆಸರು ತುಂಬಿಕೊಂಡು ಬರುವುದು ಅವನ ಕೆಲಸ. ಕೆಲಸದ ಸುದ್ದಿ ನಮಗೆ ತಿಳಿಯುತ್ತಿದ್ದದ್ದು ಅವನ ವಿಭಾಗದ ಜಾಲತಾಣದಿಂದ. ತಾಯಿಗೆ ಅವನು ಫೋನು ಮಾಡುತ್ತಿರಲಿಲ್ಲ. ಇವರು ಮಾಡಿದರೆ ಎತ್ತುತ್ತಿರಲಿಲ್ಲ.

ಶೋಭನಕ್ಕ ಮಾತ್ರ ಬಿಡಲಿಲ್ಲ. ಇಲ್ಲಿಯ ರೇಡಿಯೋದಲ್ಲಿ ಇವತ್ತಿಗೂ ಕಡಲಿನ ಹವಾಮಾನ ಓದುತ್ತಾರೆ. ಒಂದೊಂದು ಕಡಲಭಾಗದ ಹೆಸರು ಹೇಳಿ, ಅಲ್ಲಿ ಗಾಳಿ ಎಷ್ಟು, ಯಾವ ದಿಕ್ಕು, ಕಣ್ಣಿಗೆ ಎಷ್ಟು ದೂರ ಕಾಣುತ್ತದೆ ಎಂದು ನಿಧಾನವಾಗಿ ಓದಿಕೊಂಡು ಹೋಗುವ ಒಂದು ದನಿ. ಶೋಭನಕ್ಕ ಅಡುಗೆಮನೆಯ ಕಿಟಕಿಯಲ್ಲಿ ನಿಂತು ಅದನ್ನು ಪೂರ್ತಿ ಕೇಳುವರು. ಉಮೆಯೊದ ಎದುರಿನ ಕಡಲಿಗೆ ನೋರ್ರಾ ಕ್ವಾರ್ಕೆನ್ ಎಂದು ಹೆಸರು. ಅದು ಬಂದಾಗ ಉಸಿರು ಹಿಡಿದು ಕೇಳಿ, ಮಗನಿಗೆ ಮೆಸೇಜು ಕಳಿಸುವರು. ಇವತ್ತು ಉತ್ತರದ ಗಾಳಿ, ಟೋಪಿ ಹಾಕಿಕೋ. ಇವತ್ತು ಕಡಲು ಶಾಂತ. ಬೇರೆ ಒಂದು ಮಾತಿಲ್ಲ, ಊಟ ಆಯಿತಾ ಎಂದೂ ಇಲ್ಲ. ಮೆಸೇಜಿನ ಪಕ್ಕದಲ್ಲಿ ಎರಡು ನೀಲಿ ಗೆರೆ ಬರುತ್ತಿತ್ತು. ಅಷ್ಟೇ. ಓದಿದ್ದಾನೆ ಬಿಡಿ ಅಕ್ಕ, ಅದೇ ಉತ್ತರ ಅಂದುಕೊಳ್ಳಿ ಎಂದು ನಾನು ಸಮಾಧಾನ ಹೇಳಿದರೆ, ನೀಲಿ ಗೆರೆ ಫೋನು ಹಾಕುವುದು ಕಾಂಚನಾ, ಅವನು ಹಾಕುವುದಲ್ಲ ಎನ್ನುತ್ತಿದ್ದರು. ಆ ಹುಡುಗನನ್ನು ಎದುರಿಗೆ ಕೂರಿಸಿಕೊಂಡು ಚೆನ್ನಾಗಿ ಉಗಿಯಬೇಕು ಎಂದು ನನಗೆ ಎಷ್ಟೋ ಸಲ ಅನ್ನಿಸಿತ್ತು. ಆದರೆ ಅವನು ಕೇಳಿದ ಪ್ರಶ್ನೆ ನೆನಪಾದರೆ ಬಾಯಿ ಕಟ್ಟುತ್ತಿತ್ತು.

ಕಳೆದ ನವೆಂಬರಿನ ಒಂದು ಬೆಳಿಗ್ಗೆ ಶೋಭನಕ್ಕ ನಮ್ಮ ಬಾಗಿಲು ತಟ್ಟಿದರು. ಕಂಕುಳಲ್ಲಿ ಬಟ್ಟೆ ಹಾಕುವ ಉದ್ದನೆಯ ಬುಟ್ಟಿ. ಅದಕ್ಕೆ ರಾಜಶೇಖರರ ಹಳೆಯ ಕೊಡೆಯ ಕಪ್ಪು ಬಟ್ಟೆಯನ್ನು ಸುತ್ತಲೂ ಹೊಲಿದಿದ್ದರು. ಕಂಬದ ಬೀಗದ ಕೈ ಕೊಡು ಎಂದರು. ರಾತ್ರಿಗೆ ನೋರ್ರಾ ಕ್ವಾರ್ಕೆನ್‌ಗೆ ಬಿರುಗಾಳಿ, ಹಿಮ ಎರಡೂ ಇದೆಯಂತೆ. ಆ ದಿನವೇ ಸ್ಕಂದನ ತಂಡ ಕಡಲಿಗೆ ಹೋಗುವುದಿದೆ ಎಂದು ಜಾಲತಾಣದಲ್ಲಿ ನೋಡಿದ್ದಾರೆ. ಮೆಸೇಜು ಕಳಿಸಿದ್ದಾರೆ, ಈ ಸಲ ನೀಲಿ ಗೆರೆಯೂ ಬಂದಿಲ್ಲ. ಫೋನು ಸ್ವಿಚ್ ಆಫ್.

ನಾನು ಅವರನ್ನೂ ಬುಟ್ಟಿಯನ್ನೂ ನೋಡಿದೆ. ಅಕ್ಕ, ಉಮೆಯೊ ಎಲ್ಲಿ, ವೆಸ್ಟೆರಾಸ್ ಎಲ್ಲಿ, ಅಲ್ಲಿಂದ ಅವನಿಗೆ ಇದು ಕಾಣುತ್ತದೆಯೇ ಎಂದು ಕೇಳಿಯೇ ಬಿಟ್ಟೆ. ಕೇಳಬಾರದಿತ್ತು.

"ಕಾಣಲ್ಲ ಅಂತ ನಂಗೂ ಗೊತ್ತು," ಎಂದರು ಶೋಭನಕ್ಕ. "ಒಂದ್ಸಲ ಏರಿಸ್ದೆ ಕೂತಿದ್ದೆ. ಇನ್ನೊಂದ್ಸಲ ಹಾಗೆ ಕೂರೋಕೆ ನನ್ನ ಕೈಲಿ ಆಗಲ್ಲ ಕಣೇ."

ಕೋಟು ಹಾಕಿಕೊಂಡು ಇಳಿದೆ. ಸಂಘದ ನಿಯಮ ಹಾಳಾಗಿ ಹೋಗಲಿ. ಹುಡುಗಿಯಾಗಿದ್ದಾಗ ಶೋಭನಕ್ಕನಿಗೆ ಅಪ್ಪ ಒಂದು ದಿನವೂ ಹಗ್ಗ ಮುಟ್ಟಲು ಬಿಟ್ಟಿರಲಿಲ್ಲವಂತೆ. ಈಗ ಅವರೇ ಗಂಟು ಹಾಕಿದರು, ಅವರೇ ಎಳೆದರು. ಬುಟ್ಟಿ ಅರ್ಧ ಕಂಬದವರೆಗೆ ಸಲೀಸಾಗಿ ಹೋಗಿ ನಿಂತುಬಿಟ್ಟಿತು. ಮೇಲೆ ಹಗ್ಗಕ್ಕೆ ಮಂಜುಗಡ್ಡೆ ಹಿಡಿದಿತ್ತು. ನಾನೂ ಕೈ ಹಾಕಿ ಎಳೆದೆ. ಮೇಲಕ್ಕೂ ಹೋಗಲಿಲ್ಲ, ಕೆಳಕ್ಕೂ ಬರಲಿಲ್ಲ. ಇಬ್ಬರೂ ಕೈ ಉಜ್ಜಿಕೊಳ್ಳುತ್ತ ಒಳಗೆ ಬಂದೆವು. ನಾನು ಲ್ಯಾಪ್‌ಟಾಪಿನ ಮುಂದೆ ಕೂತೆ. ಅವರು ನೆಲಮಾಳಿಗೆಗೆ ಬಟ್ಟೆ ಒಗೆಯಲು ಹೋದರು. ಇಲ್ಲಿ ಒಗೆಯುವ ಯಂತ್ರಕ್ಕೆ ಸರದಿ ಬರೆಸಿಟ್ಟಿರುತ್ತೇವೆ. ಆಕಾಶ ಕಳಚಿ ಬಿದ್ದರೂ ಸರದಿ ತಪ್ಪಿಸುವ ಹಾಗಿಲ್ಲ.

ಅರ್ಧ ಕಂಬಕ್ಕೆ ಕಪ್ಪು ಬಟ್ಟೆ ಎಂದರೆ ಕಟ್ಟಡದವರು ಏನೆಂದುಕೊಳ್ಳುತ್ತಾರೆ ಎಂಬ ಯೋಚನೆ, ಅದೇ ಕೆಲಸದ ಉಸ್ತುವಾರಿ ಹೊತ್ತ ನನ್ನ ಮಂದ ತಲೆಗೆ ಹೊಳೆಯಲೇ ಇಲ್ಲ. ಮೊದಲ ಮಹಡಿಯ ಅಜ್ಜಿ ಗುನಿಲ್ಲಾ ಕಿಟಕಿಯಿಂದ ನೋಡಿದ್ದಾಳೆ. ಸಾವಾದಾಗ ಭಾರತದವರ ಪದ್ಧತಿ ಇದಿರಬೇಕು ಎಂದುಕೊಂಡು, ಮೂರನೇ ಮಹಡಿಗೆ ಹತ್ತಿ ಒಂಟಿಯಾಗಿರುವ ಶೋಭನಕ್ಕನ ಗಂಟೆ ಒತ್ತಿದ್ದಾಳೆ. ಶೋಭನಕ್ಕ ನೆಲಮಾಳಿಗೆಯಲ್ಲಿ. ಬಾಗಿಲು ತೆರೆಯಲಿಲ್ಲ. ಅಜ್ಜಿ ಕಣ್ಣೊರೆಸಿಕೊಂಡು ಕೆಳಗಿಳಿದು ಮೊಮ್ಮಗನಿಗೆ ಫೋನು ಮಾಡಿದ್ದಾಳೆ. ಆ ಮೊಮ್ಮಗ ಸ್ಕಂದನ ಶಾಲೆಯ ಗೆಳೆಯ.

ಮಧ್ಯಾಹ್ನ ಊಟ ಮುಗಿಸಿ ಕೈ ತೊಳೆಯುತ್ತಿದ್ದಾಗ ನನ್ನ ಫೋನು ಬಡಿದುಕೊಂಡಿತು. ಎರಡು ವರ್ಷದಿಂದ ಕಾಣದ ಹೆಸರು.

"ಆಂಟಿ, ಈ ಸಲ ಸುಳ್ಳು ಹೇಳ್ಬೇಡಿ," ಎಂದ ಸ್ಕಂದ. "ಅಮ್ಮ ಇದಾಳಾ?"

ಇದ್ದಾಳೆ ಕಣೋ, ಚೆನ್ನಾಗಿದ್ದಾಳೆ, ಕೆಳಗೆ ಬಟ್ಟೆ ಒಗೆಯುತ್ತಿದ್ದಾಳೆ ಎಂದೆ. ಅವನು ನಂಬಲಿಲ್ಲ. ನಂಬುವುದಾದರೂ ಹೇಗೆ, ಮಲಗಿದ್ದಾರೆ ಎಂದು ಅವನಿಗೆ ಒಮ್ಮೆ ಹೇಳಿದ್ದ ಜನ ನಾವು. ಹಾಗಾದರೆ ಕಂಬದ ಮೇಲೆ ಏನದು ಎಂದು ಕೇಳಿದ. ಬುಟ್ಟಿ ಎಂದೆ. ತಂಡದ ಪಯಣ ಬೆಳಿಗ್ಗೆಯೇ ರದ್ದಾಗಿದೆ, ಚಾರ್ಜು ಮುಗಿದು ಫೋನು ಸತ್ತಿತ್ತು, ಈಗ ತಾನೆ ಹಾಕಿದೆ ಎಂದು ಆಮೇಲೆ ತಡವರಿಸಿ ಹೇಳಿದ. ಬಿರುಗಾಳಿಯ ವಿಷಯ ಅವರಿಗೆಲ್ಲ ಮೊದಲೇ ಗೊತ್ತಿತ್ತಂತೆ. ಗೊತ್ತಿರದೆ ಏನು, ಕೈಗೊಂದು ಫೋನಿರುವ ಕಾಲ.

"ಮತ್ತೆ ಬುಟ್ಟಿ ಯಾರಿಗೆ ಏರಿಸಿದ್ಳು?" ಎಂದ.

"ನಿನಗೆ," ಎಂದೆ. ಉಗಿಯಬೇಕೆಂದು ಎರಡು ವರ್ಷ ಕೂಡಿಟ್ಟದ್ದೆಲ್ಲ ಆ ಹೊತ್ತಿಗೆ ಎಲ್ಲಿ ಹೋಯಿತೋ. ಅವನು ಫೋನು ಇಟ್ಟ.

ನಾನು ಮೂರನೇ ಮಹಡಿಗೆ ಓಡಿದೆ. ಶೋಭನಕ್ಕ ಆಗಲೇ ಮೇಲೆ ಬಂದು ಒದ್ದೆ ಬಟ್ಟೆಗಳ ನಡುವೆ ಕೂತು ಕಿಟಕಿಯಿಂದ ಕಂಬವನ್ನೇ ನೋಡುತ್ತಿದ್ದರು. ಒಲೆಯ ಮೇಲೆ ಕುಚ್ಚಲಕ್ಕಿ ಅನ್ನ, ಹುರುಳಿ ಸಾರು, ಎರಡಕ್ಕೂ ಮುಚ್ಚಿದ ತಟ್ಟೆ. ಬೆಳಗಿನಿಂದ ಏನೂ ತಿಂದಿರಲಿಲ್ಲ. ನಡೆದದ್ದನ್ನೆಲ್ಲ ಹೇಳಿದೆ. ಮಗ ಕ್ಷೇಮ ಎಂದಾಗ ಕಣ್ಣು ಮುಚ್ಚಿಕೊಂಡರು. ನನಗಲ್ಲ, ನಿನಗೆ ಫೋನು ಮಾಡಿದನಾ ಎಂದು ಮೆಲ್ಲಗೆ ಕೇಳಿದರು. ಉಣ್ಣಿ ಅಕ್ಕ ಎಂದೆ. ಬೇಡ ಎಂದು ತಲೆಯಾಡಿಸಿದರು.

ಮೂರಕ್ಕೆಲ್ಲ ಕತ್ತಲು ಕವಿಯುವ ಕಾಲ. ಅಂಗಳದ ದೀಪ ಹತ್ತುವ ಹೊತ್ತಿಗೆ ಅವರ ಫೋನು ಸಣ್ಣಗೆ ಸದ್ದು ಮಾಡಿತು. ತೆಗೆದು ನೋಡಿದರು, ಕನ್ನಡಕ ಹಾಕಿಕೊಂಡು ಮತ್ತೆ ನೋಡಿದರು, ನನ್ನ ಕೈಗೆ ಕೊಟ್ಟರು.

ಒಂದು ಅಕ್ಷರ ಬರೆದಿರಲಿಲ್ಲ. ಬರೀ ಚಿತ್ರ. ಉಮೆಯೊದ ಯಾವುದೋ ಹಾಸ್ಟೆಲಿನ ಕಿಟಕಿ, ಹೊರಗೆ ಅಡ್ಡಡ್ಡ ಬೀಳುತ್ತಿರುವ ಹಿಮ. ಕಿಟಕಿಯಿಂದ ಹೊರಗೆ ಚಾಚಿದ ಒಂದು ಪೊರಕೆಯ ಹಿಡಿ. ಅದರ ತುದಿಯಲ್ಲಿ ಗಂಟು ಹಾಕಿ ಕಟ್ಟಿದ ಕೆಂಪು ಬೈರಾಸು. ಮೊದಲ ಸಲ ಓದಲು ಹೊರಟಾಗ ಅವನ ಪೆಟ್ಟಿಗೆಯಲ್ಲಿ ಶೋಭನಕ್ಕನೇ ಮಡಚಿ ಇಟ್ಟದ್ದು.

ನಾನು ಅತ್ತುಬಿಟ್ಟೆ. ಅವರು ಅಳಲಿಲ್ಲ. ಎದ್ದು ಹೋಗಿ ಸಿಂಕಿನಲ್ಲಿ ಕೈ ತೊಳೆದುಕೊಂಡರು, ಸಾರು ಬಿಸಿಗಿಟ್ಟರು, ಎರಡು ತಟ್ಟೆ ತೆಗೆದು ಮೇಜಿನ ಮೇಲೆ ಇಟ್ಟರು. ಬುಟ್ಟಿಯನ್ನು ನಾಳೆ ಇಳಿಸೋಣ, ಗಾಳಿ ಇನ್ನೂ ದಾಟಿಲ್ಲ ಎಂದರು. ಆಮೇಲೆ ನನ್ನ ಕಡೆ ತಿರುಗಿದರು.

"ಬೈರಾಸ್ ಕಂಡ್ತ್," ಎಂದರು ಶೋಭನಕ್ಕ. "ಇನ್ ಉಂಬ."

ನನ್ನದು ಮನೆಯಲ್ಲಿ ಆಗಲೇ ಊಟವಾಗಿತ್ತು. ಆದರೂ ತಟ್ಟೆ ಎಳೆದುಕೊಂಡು ಅವರ ಎದುರು ಕೂತೆ.