ಹದಿನಾಲ್ಕನೆಯ ದಿನದ ನೀರು

ಬೆಳಗಿನ ಜಾವ. ಸಂಶೋಧನಾ ಕೇಂದ್ರದ ಹಿತ್ತಿಲಲ್ಲಿ ತೊಟ್ಟಿಯಕ್ಕ ಎದೆಯೆತ್ತರದ ಸಿಮೆಂಟು ತೊಟ್ಟಿಗೆ ಒರಗಿ, ಕೋಲಿಳಿಸಿ ನೀರಿನ ಆಳ ನೋಡುತ್ತಿದ್ದಾರೆ. ಕಾವಲುಗಾರ ಏದುಸಿರು ಬಿಡುತ್ತ ಬರುತ್ತಾನೆ.

"ಅಕ್ಕಾ, ಮೇಷ್ಟ್ರು ಹೋಗ್ಬಿಟ್ರು. ನಿದ್ದೇಲೇ ಅಂತೆ. ಮಧ್ಯಾಹ್ನದೊಳಗೆ ಎಲ್ಲಾ ಮುಗಿಸ್ತಾರಂತೆ. ಗಾಡಿ ನಿಂತಿದೆ, ಬನ್ನಿ."

ಅಕ್ಕ ಕೋಲು ಬಿಡುವುದಿಲ್ಲ. "ನೀನು ನಡಿಯಪ್ಪ. ಸಸಿ ಮುಳುಗ್ಸಿ ಇವತ್ತಿಗೆ ಹದಿನಾಲ್ಕನೇ ದಿನ. ನೀರು ಇಳಿಸ್ದೆ ಬಂದ್ರೆ ಮೇಷ್ಟ್ರೇ ಎದ್ದು ಕೂತು ಬೈತಾರೆ."

ಮೇಷ್ಟ್ರು ಎಂದರೆ ಇಲ್ಲಿನ ಹಿರಿಯ ಸಸ್ಯವಿಜ್ಞಾನಿ. ನೆರೆಯಲ್ಲಿ ಮುಳುಗಿದರೂ ಸಾಯದ ಭತ್ತಕ್ಕಾಗಿ ಆಯುಸ್ಸು ಸವೆಸಿದವರು. ಅವರ ಕಡೆಯ ತಳಿಯ ಅರವತ್ತು ಸಸಿಗಳು ಪರೀಕ್ಷೆಗೆಂದು ತೊಟ್ಟಿಯ ತಳದಲ್ಲಿ ಮುಳುಗಿವೆ; ಇನ್ನೊಂದು ದಿನ ಬಿಟ್ಟರೆ ಕೊಳೆತುಹೋಗುತ್ತವೆ. ಬೇರೆ ಬೀಜ ಉಳಿದಿಲ್ಲ. ನೀರನ್ನು ಗಂಟೆಗೊಂದು ಗೇಣಿನಂತೆ ಇಳಿಸಬೇಕು; ಒಮ್ಮೆಗೇ ಬಿಟ್ಟರೆ ನೆನೆದ ಎಲೆ ಬಿಸಿಲಿಗೆ ಸುಟ್ಟುಹೋಗುತ್ತದೆ. ಇಳಿಸಿ ಮುಗಿಸುವಷ್ಟರಲ್ಲಿ ಮಧ್ಯಾಹ್ನ ದಾಟುತ್ತದೆ.

ಸ್ವಂತ ಗದ್ದೆ ನೆರೆಯಲ್ಲಿ ಕೊಳೆತ ವರ್ಷ ಕೂಲಿಗೆ ಬಂದ ಅಕ್ಕನಿಗೆ ಇದು ಇಪ್ಪತ್ತೆರಡನೆಯ ವರ್ಷ. ಹನ್ನೊಂದು ತೊಟ್ಟಿ, ದಿನಕ್ಕೆ ಮೂರು ಬಾರಿ ಅಳತೆ, ಪಾಚಿ ಬಾಚುವುದು; ಅದಕ್ಕೇ ತೊಟ್ಟಿಯಕ್ಕ ಎಂಬ ಹೆಸರು. ಮೊದಲ ವರ್ಷ ಸಸಿಗಳಿಗೆ ಉಸಿರು ಕಟ್ಟೀತೆಂದು ಮರುಗಿ, ತೊಟ್ಟಿಗೆ ದಿನವಿಡೀ ನಲ್ಲಿ ಬಿಟ್ಟಿದ್ದರು. ಧುಮುಕುವ ನೀರಿನೊಡನೆ ಗಾಳಿ ಸೇರಿ ಸಸಿಗಳೆಲ್ಲ ನಳನಳಿಸಿದವು; ಯಾವುದು ಗಟ್ಟಿ ತಳಿಯೆಂದೇ ತಿಳಿಯದೆ ಪರೀಕ್ಷೆ ಮಣ್ಣುಪಾಲಾಯಿತು.

ಅದನ್ನು ನೆನೆದು ಅಕ್ಕ ಕಾವಲುಗಾರನಿಗೆ ಹೇಳುತ್ತಾರೆ: "ಬೈಯಲಿಲ್ಲ ಪುಣ್ಯಾತ್ಮ. ಕೂರಿಸಿ ಪಾಠ ಹೇಳಿದ್ರು. ಗಿಡದ ಮೈಯಲ್ಲಿ ಎಥಿಲೀನ್ ಅಂತ ಹಾರ್ಮೋನು ಹುಟ್ತಾನೇ ಇರುತ್ತಂತೆ. ಅದು ಗಾಳಿಯಂಥದ್ದು, ಹೊರಗಿದ್ರೆ ಹಾರಿಹೋಗುತ್ತೆ. ನೀರಲ್ಲಿ ಹೋಗೋಕಾಗ್ದೆ ಒಳಗೇ ತುಂಬ್ಕೊಳುತ್ತೆ. 'ನಾನು ಮುಳುಗಿದೀನಿ' ಅಂತ ಗಿಡಕ್ಕೆ ಗೊತ್ತಾಗೋದೇ ಹಾಗೆ. ಕೆಲವು ಹೆದರಿ ಉದ್ದುದ್ದ ಬೆಳೆದು, ಇದ್ದ ಸಕ್ಕರೆಯೆಲ್ಲ ಖರ್ಚು ಮಾಡಿ ಬೀಳ್ತವೆ. ಮೇಷ್ಟ್ರ ಗಿಡ ಜಾಣ. ಸಕ್ಕರೆ ಉಳಿಸ್ಕೊಂಡು ತೆಪ್ಪಗಿರುತ್ತೆ. ಅಕ್ಷರ ಬಾರದ ನನಗೆ ಇಷ್ಟು ಹೇಳ್ಕೊಟ್ಟೋರು ಇನ್ಯಾರಿದಾರೆ?"

ಗಾಡಿ ಹೊರಡುತ್ತದೆ. ಅಕ್ಕ ಗೇಣುಗೇಣಾಗಿ ನೀರಿಳಿಸುತ್ತಾರೆ. ತಳದಲ್ಲಿ ಕಾಣುವುದು ಕಂದು ಬಣ್ಣದ ಜೋಲು ಎಲೆ. ಮೇಷ್ಟ್ರ ಮುಖ ನೋಡುವ ಭಾಗ್ಯ ತಪ್ಪುತ್ತದೆ. "ಮುದುಕಿಗೆ ಕಲ್ಲೆದೆ" ಎಂಬ ಮಾತೂ ಕಿವಿಗೆ ಬೀಳುತ್ತದೆ.

ಮೇಷ್ಟ್ರು ಹೋದ ಹತ್ತನೆಯ ದಿನ ಅವರ ಹೆಂಡತಿ ತಾವೇ ಬರುತ್ತಾರೆ. ಅಕ್ಕ ಸೆರಗಿನಿಂದ ಬಾಯಿ ಮುಚ್ಚಿಕೊಳ್ಳುತ್ತಾರೆ.

"ತಪ್ಪಾಯ್ತು ತಾಯಿ, ಬರೋಕಾಗ್ಲಿಲ್ಲ."

"ಅಳಬೇಡಿ ಅಕ್ಕ. ನೀವು ಬಂದಿದ್ರೆ ಅವರೇ ಬೇಜಾರು ಮಾಡ್ಕೊಳ್ತಿದ್ರು. ಎಷ್ಟು ಉಳಿದ್ವು?"

"ನಲವತ್ತೇಳು."

ಕಂದೆಲೆಗಳ ನಡುವಿನಿಂದ ನಲವತ್ತೇಳು ಹಸಿರು ಸುಳಿಗಳು ಎದ್ದಿವೆ. ಇಬ್ಬರೂ ತೊಟ್ಟಿಯ ಅಂಚಿನಲ್ಲಿ ಕೈಮುಗಿದು ನಿಲ್ಲುತ್ತಾರೆ. ಅಕ್ಕ ಮೆಲ್ಲಗೆ ಹೇಳುತ್ತಾರೆ: "ದೇವರೇ, ಎಷ್ಟೋ ಮನೆಯ ಹೊಟ್ಟೆ ತಣ್ಣಗಿರ್ಲಿ ಅಂತ ದುಡಿದ ಜೀವ. ನಿನ್ನ ಹತ್ತಿರ ಅದನ್ನ ತಣ್ಣಗಿಟ್ಕೋ."